ಡಯಾನಾ ಆ ಮೋಡದ ಮೇಲೆ ಏಕೆ ನಿಂತಿದ್ದಾಳೆ? ಪೂಸಾನನ ಕುರುಡು ಓರಿಯನ್: ಒಂದು ಪ್ರಕರಣ ಅಧ್ಯಯನ

ಫ್ರಾನ್ಸಿನ ಆಂದ್ರೆ ಫೆಲಿಬಿಯನ್ 1647ರಲ್ಲಿ ರಾಯಭಾರಿಯ ಕಾರ್ಯದರ್ಶಿಯಾಗಿ ರೋಮ್ ನಗರಕ್ಕೆ ಬಂದವನು. ಅಲ್ಲಿ ನೆಲೆಸಿದ್ದ ಚಿತ್ರಕಾರ ನಿಕೊಲಾ ಪೂಸಾನನ ಸ್ನೇಹ ಸಂಪಾದಿಸಿದ, ಅವನ ಮಾತಿಗೆ ಕಿವಿಗೊಟ್ಟ, ಮುಂದೆ ಅವನ ಬದುಕನ್ನೂ ಬರೆದ. ಅಂಥವನು ಪೂಸಾನನ 1658ರ ಒಂದು ದೊಡ್ಡ ನಿಸರ್ಗಚಿತ್ರವನ್ನು ಹೆಸರಿಸುವಾಗ, ಅದರಲ್ಲಿರುವುದು ಡಯಾನಾ ಕುರುಡಾಗಿಸಿದ ಓರಿಯನ್ ಎಂದು ಬರೆದಿಟ್ಟ. ಅದು ತಪ್ಪು. ಗ್ರೀಕರ ಕಥೆಯಲ್ಲಿ ಓರಿಯನ್ ಎಂಬ ದೈತ್ಯ ಬೇಟೆಗಾರನ ಕಣ್ಣು ಕಳೆದವನು ಕಿಯೊಸ್ ದ್ವೀಪದ ರಾಜ ಈನೊಪಿಯನ್. ಬೇಟೆಯ ದೇವತೆ ಡಯಾನಾ ಆ ಕಥೆಯೊಳಕ್ಕೆ ಬರುವುದು ಬಹಳ ತಡವಾಗಿ, ಅವನ ಸಾವಿನ ಹೊತ್ತಿಗೆ.

ಪುರಾಣಗಳನ್ನು ಚೆನ್ನಾಗಿ ಓದಿಕೊಂಡಿದ್ದ ಫೆಲಿಬಿಯನ್ ಹೀಗೇಕೆ ಬರೆದ? ಚಿತ್ರದ ಎದುರು ನಿಂತರೆ ಉತ್ತರ ಹೊಳೆಯುತ್ತದೆ. ಕುರುಡು ದೈತ್ಯ ತಡಕಾಡುತ್ತ ನಡೆಯುತ್ತಿದ್ದಾನೆ. ಅವನ ತಲೆಗಿಂತಲೂ ಮೇಲೆ, ಮೋಡಕ್ಕೆ ಮೊಳಕೈ ಊರಿಕೊಂಡು, ಡಯಾನಾ ಸುಮ್ಮನೆ ನೋಡುತ್ತ ನಿಂತಿದ್ದಾಳೆ. ಕಥೆಯ ಈ ಘಟ್ಟದಲ್ಲಿ ಅವಳಿಗೆ ಅಲ್ಲಿ ಕೆಲಸವೇ ಇಲ್ಲ. ಆದರೂ ಇದ್ದಾಳೆ. ಇದ್ದ ಮೇಲೆ ಒಂದು ಕಾರಣ ಬೇಕಲ್ಲವೇ? ಫೆಲಿಬಿಯನ್ ತನಗೆ ತೋಚಿದ ಕಾರಣವನ್ನು ಕೊಟ್ಟುಬಿಟ್ಟ.

ಈ ಬರಹದಲ್ಲಿ ನಾನು ಬೆನ್ನು ಹತ್ತಿರುವುದು ಈ ಒಂದೇ ಪ್ರಶ್ನೆಯನ್ನು: ಅವಳು ಅಲ್ಲಿ ಏಕಿದ್ದಾಳೆ? 17ನೇ ಶತಮಾನದ, ಬರೋಕ್ ಎಂದು ನಾವು ಕರೆಯುವ ಕಾಲದ ನಿಸರ್ಗಚಿತ್ರಗಳಲ್ಲಿ ಪುರಾಣದ ಜನ ಎಲ್ಲೆಲ್ಲೂ ಓಡಾಡುತ್ತಾರೆ. ಬಹಳ ಸಲ ಅವರನ್ನು ತೆಗೆದುಹಾಕಿದರೂ ಮರ, ನದಿ, ಬೆಟ್ಟಗಳಿಗೆ ಏನೂ ಆಗುವುದಿಲ್ಲ. ಈ ಚಿತ್ರದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಏಕೆ ಬರುವುದಿಲ್ಲ ಎಂಬುದು ಡಯಾನಾಳ ಕಾಲ ಕೆಳಗಿರುವ ಮೋಡದಲ್ಲಿ ಅಡಗಿದೆ.

ಕಣ್ಣೆದುರಿಗಿರುವುದು

ಚಿತ್ರ 1924ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿದೆ. ಕ್ಯಾನ್ವಾಸಿನ ಮೇಲೆ ತೈಲವರ್ಣ. ಎತ್ತರ 119.1 ಸೆಂ.ಮೀ., ಅಗಲ 182.9 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ನಾಲ್ಕು ಅಡಿಗೆ ಆರು ಅಡಿ. ಸಂಗ್ರಹಾಲಯ ತನ್ನ ಜಾಲತಾಣದಲ್ಲಿ ಇದರ ದೊಡ್ಡ ಪ್ರತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಮುಂದಿನ ಸಾಲುಗಳನ್ನು ಓದುವಾಗ ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ವಿವರಣೆಗಿಂತ ನಿಮ್ಮ ಕಣ್ಣು ಮುಖ್ಯ.

ಓರಿಯನ್ ನಮ್ಮಿಂದ ದೂರ ಸರಿಯುತ್ತ, ಚಿತ್ರದ ಒಳಕ್ಕೆ ಹೆಜ್ಜೆ ಹಾಕುತ್ತಿದ್ದಾನೆ. ಬೆನ್ನಿಗೆ ಬತ್ತಳಿಕೆ, ಒಂದು ಕೈಯಲ್ಲಿ ಬಿಲ್ಲು. ಇನ್ನೊಂದು ಕೈ ಮುಂದಕ್ಕೆ ಚಾಚಿಕೊಂಡು ಬರಿಯ ಗಾಳಿಯನ್ನು ತಡವುತ್ತಿದೆ. ಅವನ ಹೆಗಲ ಮೇಲೆ ಸೆಡಾಲಿಯನ್ ಎಂಬ ಪುಟ್ಟ ಮನುಷ್ಯ ನಿಂತಿದ್ದಾನೆ. ಅವನೇ ದೈತ್ಯನ ಕಣ್ಣು. ಕೆಳಗೆ ದಾರಿಯಲ್ಲಿ ಕಮ್ಮಾರ ದೇವತೆ ವಲ್ಕನ್ ತಲೆಯೆತ್ತಿ, ಸೂರ್ಯ ಹುಟ್ಟುವ ದಿಕ್ಕಿನ ಕಡೆ ಕೈ ತೋರಿಸುತ್ತಿದ್ದಾನೆ. ಸುತ್ತ ದಟ್ಟ ಮರಗಳು, ಉಬ್ಬುತಗ್ಗಿನ ನೆಲ, ತಿರುಗುತ್ತ ಸಾಗುವ ದಾರಿ. ದೂರದಲ್ಲಿ ನೀಲಿ ಬೆಟ್ಟಗಳು, ಅದರಾಚೆ ಸಮುದ್ರ. ಹೊತ್ತು ಇನ್ನೂ ಪೂರ್ತಿ ಹುಟ್ಟಿಲ್ಲ.

ಮೋಡವನ್ನು ಮಾತ್ರ ನಿಧಾನವಾಗಿ ನೋಡಬೇಕು. ಅದು ಆಕಾಶದಲ್ಲಿ ತೇಲುತ್ತಿರುವ ಬಿಡಿ ಮೋಡವಲ್ಲ. ಮರಗಳ ಬುಡದಿಂದ ಏಳುತ್ತದೆ, ಕಣಿವೆಯ ಮೇಲೆ ಹಬ್ಬುತ್ತದೆ, ದೈತ್ಯನ ಮುಖದ ಹತ್ತಿರ ಹಾಯುತ್ತದೆ, ಮೇಲೆ ಹೋಗಿ ಡಯಾನಾಳ ಪಾದ ಮುಟ್ಟುತ್ತದೆ. ನೆಲಕ್ಕೂ ದೇವತೆಗೂ ನಡುವೆ ಒಂದೇ ಎಳೆ. ಮೊದಲ ಸಲ ನೋಡಿದಾಗ ನನಗೆ ಇದು ಕಾಣಲಿಲ್ಲ. ಕಣ್ಣೆಲ್ಲ ದೈತ್ಯನ ಮೇಲೇ ಇತ್ತು. ಒಮ್ಮೆ ಕಂಡ ಮೇಲೆ ಬೇರೇನನ್ನೂ ನೋಡಲಾಗದಷ್ಟು ಅದು ಕಣ್ಣು ತುಂಬಿಕೊಂಡಿತು.

ಕಥೆಯಲ್ಲಿ ಏನಿದೆ, ಏನಿಲ್ಲ

ಓರಿಯನ್ ಕಿಯೊಸ್ ದ್ವೀಪಕ್ಕೆ ಬಂದು ರಾಜಕುಮಾರಿ ಮೆರೊಪೆಯನ್ನು ಬಯಸಿದ. ಅವಳ ಮೇಲೆ ಬಲಾತ್ಕಾರಕ್ಕೆ ಕೈಹಾಕಿದ ಎನ್ನುವ ಪಾಠಗಳೇ ಹೆಚ್ಚು. ತಂದೆ ಈನೊಪಿಯನ್ ಅವನಿಗೆ ಕುಡಿಸಿ, ಮಲಗಿದ್ದಾಗ ಕಣ್ಣು ಕಳೆದು, ಕಡಲ ದಂಡೆಗೆ ಎಸೆದ. ಕುರುಡ ಹೇಗೋ ಲೆಮ್ನೊಸ್‌ನಲ್ಲಿದ್ದ ವಲ್ಕನ್ನನ ಕುಲುಮೆ ತಲುಪಿದ. ಗ್ರೀಕರು ಈ ದೇವತೆಯನ್ನು ಹೆಫೆಸ್ಟಸ್ ಎನ್ನುತ್ತಾರೆ. ಅಲ್ಲಿಂದ ಸೆಡಾಲಿಯನ್ನನನ್ನು ಹೆಗಲಿಗೇರಿಸಿಕೊಂಡು ಪೂರ್ವಕ್ಕೆ ನಡೆದ. ಸೂರ್ಯನ ಮೊದಲ ಕಿರಣ ತಾಗಿದಾಗ ದೃಷ್ಟಿ ಮರಳಿತು. ಕೊನೆಗೆ ಡಯಾನಾಳ ಬಾಣಕ್ಕೆ ಸತ್ತ ಎಂದು ಒಂದು ಕಥೆ, ಚೇಳು ಕಚ್ಚಿತು ಎಂದು ಇನ್ನೊಂದು. ಸತ್ತು ನಕ್ಷತ್ರಪುಂಜವಾದ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅವನ ಹುಟ್ಟಿನ ಕಥೆಯೂ ಬೇಕು, ಮುಂದೆ ಅದರಿಂದ ಕೆಲಸವಿದೆ. ಹಿರಿಯಸ್ ಎಂಬ ಮುದುಕ ತನ್ನ ಮನೆಗೆ ಬಂದ ಮೂವರು ದೇವತೆಗಳನ್ನು ಎತ್ತು ಕಡಿದು ಸತ್ಕರಿಸಿದ. ಅವರು ಆ ಎತ್ತಿನ ಚರ್ಮದ ಮೇಲೆ ಮೂತ್ರ ಮಾಡಿ ಮಣ್ಣಲ್ಲಿ ಹೂಳಲು ಹೇಳಿದರು. ಹತ್ತು ತಿಂಗಳ ಮೇಲೆ ನೆಲದಿಂದ ಓರಿಯನ್ ಹುಟ್ಟಿದ. ಮೂವರು ತಂದೆಯರ, ನೆಲದ ಹೊಟ್ಟೆಯ ಮಗ.

ಚಿತ್ರದ ಮುಖ್ಯ ಸನ್ನಿವೇಶ ಪೂಸಾನನಿಗೆ ಸಿಕ್ಕಿದ್ದು ಎಲ್ಲಿಂದ ಎಂಬುದರಲ್ಲಿ ಗೊಂದಲವಿಲ್ಲ. ಕ್ರಿ.ಶ. 2ನೇ ಶತಮಾನದ ಲೂಸಿಯನ್, ಒಂದು ಭವ್ಯ ಸಭಾಂಗಣದ ಗೋಡೆಗಳಲ್ಲಿದ್ದ ಚಿತ್ರಗಳನ್ನು ಬಣ್ಣಿಸುವಾಗ ಇದನ್ನು ಹೇಳಿದ್ದಾನೆ: ಕುರುಡು ಓರಿಯನ್, ಹೆಗಲ ಮೇಲೆ ದಾರಿ ತೋರುವ ಸೆಡಾಲಿಯನ್, ಕಣ್ಣನ್ನು ಗುಣಪಡಿಸುವ ಸೂರ್ಯ, ಲೆಮ್ನೊಸ್‌ನಿಂದ ನೋಡುತ್ತಿರುವ ಹೆಫೆಸ್ಟಸ್. ನಾಶವಾದ ಪ್ರಾಚೀನ ಚಿತ್ರವೊಂದನ್ನು ಬರಿಯ ಮಾತಿನ ಆಧಾರದಿಂದ ಮತ್ತೆ ಕಟ್ಟುವುದು ಆ ಕಾಲದ ವಿದ್ವಾಂಸ ಚಿತ್ರಕಾರರಿಗೆ ಪ್ರಿಯವಾದ ಸವಾಲು. ಪೂಸಾನ್ ಅದನ್ನು ಕೈಗೆತ್ತಿಕೊಂಡ.

ಲೂಸಿಯನ್ನನ ವರ್ಣನೆಯಲ್ಲಿ ಡಯಾನಾ ಇಲ್ಲ. ಮೋಡವೂ ಇಲ್ಲ. ಅವೆರಡೂ ಪೂಸಾನನ ಸೇರ್ಪಡೆ.

ಗುಡ್ಡವಾದ ದೈತ್ಯ

ಉತ್ತರಕ್ಕೆ ಹೋಗುವ ಮುನ್ನ, ಪೂಸಾನ್ ಈ ಚಿತ್ರದ ತನಕ ನಡೆದು ಬಂದ ದಾರಿಯನ್ನು ಸ್ವಲ್ಪ ನೋಡಬೇಕು.

ಅವನು 1594ರಲ್ಲಿ ನಾರ್ಮಂಡಿಯ ಲೆಸ್ ಆಂಡೆಲಿ ಊರಿನ ಬಳಿ ಹುಟ್ಟಿದ. 1624ರಲ್ಲಿ ರೋಮ್ ಸೇರಿದ. ಫ್ರಾನ್ಸಿನ ರಾಜನ ಕರೆಗೆ ಓಗೊಟ್ಟು 1640ರಿಂದ 1642ರವರೆಗೆ ಪ್ಯಾರಿಸ್ಸಿನಲ್ಲಿದ್ದು ಬೇಸತ್ತು ಮರಳಿದ್ದು ಬಿಟ್ಟರೆ, ಉಳಿದ ಬಾಳೆಲ್ಲ ರೋಮ್. ಮೊದಲ ವರ್ಷಗಳಲ್ಲಿ ಅವನ ಚಿತ್ರಗಳ ತುಂಬ ಮನುಷ್ಯರು. ನಿಸರ್ಗ ಹಿಂದಿನ ಪರದೆ. 1640ರ ದಶಕದ ಕೊನೆಯಲ್ಲಿ ಇದು ತಿರುಗುಮುರುಗಾಯಿತು. ಮರಗಳು ಬೆಳೆದವು, ಆಕಾಶ ಹರಡಿತು, ಮನುಷ್ಯರು ಕುಗ್ಗಿದರು.

ಈ ಬದಲಾವಣೆ ಸುಲಭದ್ದಾಗಿರಲಿಲ್ಲ. ಆ ಕಾಲದ ಅಂತಸ್ತಿನ ಏಣಿಯಲ್ಲಿ ಇತಿಹಾಸ, ಪುರಾಣ, ಧರ್ಮಕಥೆಗಳ ಚಿತ್ರಕ್ಕೆ ಮೇಲಿನ ಮೆಟ್ಟಿಲು, ನಿಸರ್ಗಚಿತ್ರಕ್ಕೆ ಬಹಳ ಕೆಳಗಿನದು. ಆ ಏಣಿಯನ್ನು ಬರಹದಲ್ಲಿ ಖಚಿತವಾಗಿ ಜೋಡಿಸಿಟ್ಟವನು ನಮ್ಮ ಫೆಲಿಬಿಯನ್ನನೇ. ಹಾಗಾಗಿ ಗಂಭೀರ ಚಿತ್ರಕಾರನೊಬ್ಬ ಮರ, ನೀರು ಬರೆಯಬೇಕಾದರೆ ಒಳಗೊಂದು ಕಥೆ ಇಡುವುದು ರೂಢಿ. ರೋಮ್‌ನಲ್ಲಿ ಅನ್ನಿಬಾಲೆ ಕರಾಚ್ಚಿ ಮತ್ತು ಡೊಮೆನಿಕಿನೊ ಇದಕ್ಕೊಂದು ಹದ ಹಾಕಿಕೊಟ್ಟಿದ್ದರು. ಪೂಸಾನನ ಸಮಕಾಲೀನ ಕ್ಲೋಡ್ ಲೊರೇನ್ ಅದೇ ಹದದಲ್ಲಿ ಬೆಳಕಿನ ಅದ್ಭುತಗಳನ್ನು ಸೃಷ್ಟಿಸಿದ. ಕ್ಲೋಡನ ಮೇಲೆ ನನಗೆ ಅಪಾರ ಪ್ರೀತಿಯಿದೆ. ಆದರೂ ಅವನ ಅನೇಕ ಚಿತ್ರಗಳಲ್ಲಿ ಪುರಾಣದ ಪಾತ್ರಗಳು ಜಾತ್ರೆಗೆ ಬಂದ ನೆಂಟರಂತೆ, ಊರು ಅವರದಲ್ಲ. ಸಂಜೆಯ ಬೆಳಕು ಅವರಿಲ್ಲದೆಯೂ ಅಷ್ಟೇ ಚೆಲುವಾಗಿರುತ್ತಿತ್ತು.

ಪೂಸಾನನಿಗೆ ಬೇಕಿದ್ದದ್ದು ಬೇರೆ. 1649ರಲ್ಲಿ ಅವನು ಪೊಂಟೆಲ್ ಎಂಬ ಪ್ಯಾರಿಸ್ಸಿನ ವ್ಯಾಪಾರಿಗೆ ಬರೆದುಕೊಟ್ಟ ಪಾಲಿಫೆಮಸ್ ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್‌ನಲ್ಲಿದೆ. ಅದರಲ್ಲಿ ಒಕ್ಕಣ್ಣಿನ ದೈತ್ಯ ನಮಗೆ ಬೆನ್ನು ತಿರುಗಿಸಿ, ಬೆಟ್ಟದ ತುದಿಯಲ್ಲಿ ಕುಳಿತು ಕೊಳಲೂದುತ್ತಿದ್ದಾನೆ. ಬಂಡೆ ಎಲ್ಲಿ ಮುಗಿಯಿತು, ಬೆನ್ನು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಕೆಳಗೆ ರೈತರು ನೆಲ ಉಳುತ್ತಿದ್ದಾರೆ. ದೈತ್ಯನೇ ಬೆಟ್ಟವಾಗಿದ್ದಾನೆ.

ಅಲ್ಲಿ ಪೂಸಾನ್ ಒಂದು ಕಸುಬಿನ ತೊಡಕನ್ನೂ ಬಿಡಿಸಿದ. ದೈತ್ಯನನ್ನು ಬರೆಯುವುದು ಕಷ್ಟದ ಕೆಲಸ. ಹತ್ತಿರ ತಂದರೆ ಚಿತ್ರವೆಲ್ಲ ಅವನೇ ತುಂಬುತ್ತಾನೆ. ದೂರವಿಟ್ಟರೆ ಮಾಮೂಲಿ ಮನುಷ್ಯನಂತೆ ಕಾಣುತ್ತಾನೆ. ಬೆಟ್ಟದ ಎತ್ತರವನ್ನು ನಾವು ಯಾವುದರಿಂದ ಅಳೆಯುತ್ತೇವೆಯೋ ಅದರಿಂದಲೇ ದೈತ್ಯನನ್ನೂ ಅಳೆಯುವಂತೆ ಮಾಡಬೇಕು. ಓರಿಯನ್ ಚಿತ್ರದಲ್ಲಿ ಇನ್ನೂ ಕಷ್ಟ, ಏಕೆಂದರೆ ಇವನು ಕುಳಿತಿಲ್ಲ, ನಮ್ಮ ಸಮೀಪದ ದಾರಿಯಲ್ಲೇ ನಡೆಯುತ್ತಿದ್ದಾನೆ. ರೋಮ್‌ನ ಕಲಾ ವಿದ್ವಾಂಸ ಬೆಲ್ಲೊರಿ ಪೂಸಾನನ ಜೀವನಚರಿತ್ರೆಯಲ್ಲಿ ಈ ಚಿತ್ರದ ಬಗ್ಗೆ ಗಮನಿಸಿದ್ದೂ ಇದನ್ನೇ: ಹೆಗಲ ಮೇಲೆ ನಿಂತ ಪುಟ್ಟ ಮನುಷ್ಯನಿಂದ, ಬೆರಗಾಗಿ ನೋಡುವ ಇನ್ನೊಬ್ಬನಿಂದ ದೈತ್ಯನ ಗಾತ್ರ ತಿಳಿಯುತ್ತದೆ ಎಂದು. ಡಯಾನಾಳ ಬಗ್ಗೆ ಬೆಲ್ಲೊರಿ ತಲೆಕೆಡಿಸಿಕೊಳ್ಳಲಿಲ್ಲ.

ಚಿತ್ರವನ್ನು ಬರೆಸಿಕೊಂಡವನು ಮಿಶೆಲ್ ಪಸ್ಸಾರ್, ಪ್ಯಾರಿಸ್ಸಿನಲ್ಲಿ ರಾಜ್ಯದ ಲೆಕ್ಕಪತ್ರ ಪರಿಶೀಲಿಸುವ ಉನ್ನತ ಸಂಸ್ಥೆಯ ಅಧಿಕಾರಿ. 1650ರಲ್ಲೇ ಪೂಸಾನನಿಂದ ಒಂದು ನಿಸರ್ಗಚಿತ್ರ ಪಡೆದಿದ್ದವನು. ಪೊಂಟೆಲ್, ಪಸ್ಸಾರ್ ಇಂಥವರು ಅರಮನೆಯವರಲ್ಲ. ಓದಿದ, ದುಡ್ಡಿದ್ದ, ತಾಳ್ಮೆಯಿದ್ದ ಜನ. ಅವರ ಮನೆಯ ಗೋಡೆಯ ಚಿತ್ರ ವರ್ಷಗಟ್ಟಲೆ ಓದಿಸಿಕೊಳ್ಳಬೇಕಿತ್ತು. ಕಥೆಯನ್ನೂ ಓದು, ಚಿತ್ರವನ್ನೂ ಓದು ಎಂದು ಪೂಸಾನ್ ತನ್ನ ಇನ್ನೊಬ್ಬ ಪೋಷಕ ಶಾಂಟೆಲೂಗೆ 1639ರ ಪತ್ರದಲ್ಲಿ ಬರೆದದ್ದು ಈ ಬಗೆಯ ನೋಡುಗರನ್ನು ನಂಬಿಯೇ.

ಮೋಡವಾದ ದೈತ್ಯ

ಡಯಾನಾಳ ಗುಟ್ಟು ಬಿಚ್ಚಿಕೊಳ್ಳಲು ಸುಮಾರು ಮುನ್ನೂರು ವರ್ಷ ಹಿಡಿಯಿತು. ಬಿಚ್ಚಿದವರು ಇ. ಎಚ್. ಗೊಂಬ್ರಿಕ್. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಈ ಕಲಾ ಇತಿಹಾಸಕಾರರು ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಿಬಿಸಿಗಾಗಿ ಜರ್ಮನ್ ರೇಡಿಯೊ ಪ್ರಸಾರಗಳನ್ನು ಆಲಿಸಿ ಅನುವಾದಿಸುವ ಕೆಲಸದಲ್ಲಿದ್ದರು. ಆ ನಡುವೆಯೇ, 1944ರಲ್ಲಿ, ಬರ್ಲಿಂಗ್ಟನ್ ನಿಯತಕಾಲಿಕದಲ್ಲಿ ಈ ಚಿತ್ರದ ಬಗ್ಗೆ ಒಂದು ಪುಟ್ಟ ಲೇಖನ ಪ್ರಕಟಿಸಿದರು.

ಅವರು ತೆರೆದದ್ದು 16ನೇ ಶತಮಾನದ ಇಟಲಿಯ ವಿದ್ವಾಂಸ ನತಾಲೆ ಕೊಂತಿಯ ಪುರಾಣಕೋಶವನ್ನು. ಚಿತ್ರಕಾರರೂ ಕವಿಗಳೂ ಆ ಕಾಲದಲ್ಲಿ ಹೆಚ್ಚಾಗಿ ಕೈಯಾಡಿಸುತ್ತಿದ್ದ ಪುಸ್ತಕ ಅದು. ಕೊಂತಿ ಕಥೆ ಹೇಳಿ ಸುಮ್ಮನಾಗುವವನಲ್ಲ. ಪ್ರತಿ ಪುರಾಣದ ಹಿಂದೆಯೂ ಪ್ರಾಚೀನರು ನಿಸರ್ಗದ ಒಂದು ಸತ್ಯವನ್ನು ಮುಚ್ಚಿಟ್ಟಿದ್ದಾರೆ ಎಂದು ನಂಬಿ ಅದನ್ನು ಹೊರತೆಗೆಯುತ್ತಾನೆ. ಓರಿಯನ್ ಬಗ್ಗೆ ಅವನು ಹೇಳುವುದು ಹೀಗೆ: ಮೂವರು ತಂದೆಯರೆಂದರೆ ನೆಪ್ಚೂನ್, ಜುಪಿಟರ್, ಅಪೊಲೊ. ನೀರು, ಗಾಳಿ, ಬಿಸಿಲು. ಈ ಮೂರೂ ಕೂಡಿದಾಗ ಹುಟ್ಟುವುದು ಗಾಳಿ, ಮಳೆ, ಗುಡುಗುಗಳ ಮೂಲದ್ರವ್ಯ. ಅದೇ ಓರಿಯನ್. ನೀರಿನ ಸೂಕ್ಷ್ಮ ಅಂಶ ಬಿಸಿಲಿಗೆ ಹಗುರಾಗಿ ಮೇಲೇಳುತ್ತದೆ, ಗಾಳಿಯಲ್ಲಿ ಹರಡುತ್ತದೆ. ಹಾಗೆ ಏರುತ್ತ ಏರುತ್ತ ಅದು ಚಂದ್ರನ ಶಕ್ತಿಯ ಎಲ್ಲೆಗೆ ಮುಟ್ಟಿದಾಗ, ಚಂದ್ರ ಅದನ್ನು ಒಟ್ಟುಗೂಡಿಸಿ, ಮಳೆಯಾಗಿ, ಬಿರುಗಾಳಿಯಾಗಿ ಕೆಳಕ್ಕೆ ಕೆಡಹುತ್ತದೆ. ಕಥೆಯ ಭಾಷೆಯಲ್ಲಿ ಇದೇ ಡಯಾನಾಳ ಬಾಣಕ್ಕೆ ಓರಿಯನ್ ಬೀಳುವುದು. ಡಯಾನಾ ಚಂದ್ರನ ದೇವತೆಯೂ ಹೌದಲ್ಲವೇ!

ಈಗ ಚಿತ್ರಕ್ಕೆ ಮರಳಿ. ಮರಗಳ ಬುಡದಿಂದ ಎದ್ದ ಹಬೆ, ಕಣಿವೆಯ ಮೇಲೆ ಹಬ್ಬಿದ ಮೋಡ, ದೇವತೆಯ ಪಾದ ಮುಟ್ಟಿದ ತುದಿ. ಆ ಮೋಡ ಬೇರೆ ಯಾರೂ ಅಲ್ಲ, ಓರಿಯನ್ನನೇ ಎನ್ನುತ್ತಾರೆ ಗೊಂಬ್ರಿಕ್. ದೈತ್ಯನ ಒಳ ಅರ್ಥವೇ ಅವನ ಪಕ್ಕದಲ್ಲಿ ರೂಪ ತಳೆದು ಏಳುತ್ತಿದೆ. ಮೋಡದಲ್ಲಿ ದೈತ್ಯ ನಡೆಯುತ್ತಿದ್ದಾನೆ, ದೈತ್ಯನಾಗಿ ಮೋಡ ನಡೆಯುತ್ತಿದೆ.

ಇದನ್ನು ಕನ್ನಡದ ಓದುಗರಿಗೆ ಹೇಳುವಾಗ ನನಗೆ ಒಂದು ಅನುಕೂಲವಿದೆ. ಹಳಗನ್ನಡ ಕಾವ್ಯ ಓದಿದವರಿಗೆ ಶ್ಲೇಷೆ ಗೊತ್ತು. ಒಂದೇ ಪದ್ಯ, ಒಂದೇ ಅಕ್ಷರಸಾಲು. ಅದರಲ್ಲಿ ಎರಡು ಅರ್ಥ ಒಟ್ಟಿಗೆ ಹರಿಯುತ್ತದೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಪೂಸಾನ್ ಬಣ್ಣದಲ್ಲಿ ಕಟ್ಟಿದ್ದು ಅಂಥ ಒಂದು ಶ್ಲೇಷೆ. ಒಂದು ಸಲ ಓದಿದರೆ ಕುರುಡನೊಬ್ಬ ಬೆಳಕಿನ ಕಡೆ ನಡೆಯುವ ಕಥೆ. ಇನ್ನೊಂದು ಸಲ ಓದಿದರೆ ನೀರು ಆವಿಯಾಗಿ, ಮೋಡವಾಗಿ, ಮಳೆಯಾಗಿ ಬೀಳುವ ಕ್ರಮ. ಎರಡಕ್ಕೂ ಅದೇ ಮರ, ಅದೇ ದಾರಿ, ಅದೇ ಆಕಾಶ. ಈ ಚಿತ್ರದಿಂದ ದೈತ್ಯನನ್ನು ತೆಗೆದರೆ ಹವಾಮಾನವೇ ಹೋಗುತ್ತದೆ. ಮೋಡವನ್ನು ತೆಗೆದರೆ ದೈತ್ಯನ ಅರ್ಧ ದೇಹ ಹೋಗುತ್ತದೆ.

ನತಾಲೆ ಕೊಂತಿಯ ಪುಟವೇ ಪೂಸಾನನ ಮನಸ್ಸಿನಲ್ಲಿತ್ತು ಎನ್ನಲು ಮುಖ್ಯ ಸಾಕ್ಷಿ ಚಿತ್ರವೇ. ಲೂಸಿಯನ್ನನಲ್ಲಿಲ್ಲದ ಎರಡು ಸಂಗತಿಗಳು, ಡಯಾನಾ ಮತ್ತು ಮೋಡ, ಎರಡೂ ಒಟ್ಟಿಗೆ, ಒಂದಕ್ಕೊಂದು ತಾಗಿಕೊಂಡು ಬಂದಿವೆ. ಕೊಂತಿಯ ವಿವರಣೆಯಲ್ಲೂ ಅವು ತಾಗಿಕೊಂಡೇ ಇವೆ. ಇದು ಆಕಸ್ಮಿಕವಾಗಿ ಕೂಡಿ ಬಂತೆಂದು ನಾನು ಒಪ್ಪಲಾರೆ.

ಕೀಲಿಕೈಯ ಆಚೆ

ಆದರೂ ಕೀಲಿಕೈ ಸಿಕ್ಕಿದ ಸಂತೋಷದಲ್ಲಿ ಮನೆಯೊಳಗೆ ಹೋಗುವುದನ್ನೇ ಮರೆಯುವ ಅಪಾಯವಿದೆ. ಕೊಂತಿಯ ಪುಸ್ತಕವನ್ನು ಓದಿದ ನೂರು ಚಿತ್ರಕಾರರು ಓರಿಯನ್ನನನ್ನು ಹೀಗೆ ಬರೆಯುತ್ತಿರಲಿಲ್ಲ. ಚಾಚಿದ ಆ ಕೈಯನ್ನು ನೋಡಿ. ಗಾಳಿಯಲ್ಲಿ ಏನೂ ಇಲ್ಲ, ಆದರೂ ಬೆರಳುಗಳು ಏನೋ ಎದುರಾಗಬಹುದೆಂದು ಕಾಯುತ್ತಿವೆ. ಕುರುಡರ ಜೊತೆ ನಡೆದವರಿಗೆ ಈ ಭಂಗಿ ಗೊತ್ತು. ಹವಾಮಾನದ ಯಾವ ಸಿದ್ಧಾಂತದಿಂದಲೂ ಈ ಕೈ ಬರುವುದಿಲ್ಲ.

ಲಂಡನ್ನಿನ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ಇದನ್ನು ಬಹಳ ಹಿಂದೆಯೇ ಕಂಡಿದ್ದ. ಚಿತ್ರ ಆ ಹೊತ್ತಿಗೆ ಫ್ರಾನ್ಸ್ ಬಿಟ್ಟು ಇಂಗ್ಲೆಂಡಿಗೆ ಬಂದಿತ್ತು. ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಕೂಡ ಒಂದು ಕಾಲಕ್ಕೆ ಅದರ ಒಡೆಯನಾಗಿದ್ದ. 1821ರಲ್ಲಿ ಹ್ಯಾಜ್ಲಿಟ್ ಅದರ ಬಗ್ಗೆ ಬರೆದ ಪ್ರಬಂಧದಲ್ಲಿ ಕೊಂತಿಯ ಸುಳಿವೇ ಇಲ್ಲ. ಅವನಿಗೆ ಕಂಡದ್ದು ಆಗಷ್ಟೇ ನಿದ್ದೆಯಿಂದೆದ್ದವನಂತೆ ತೂರಾಡುವ ದೈತ್ಯನ ನಡಿಗೆ, ಸುತ್ತ ಏಳುತ್ತಿರುವ ಮಂಜು, ಇಬ್ಬನಿಯಲ್ಲಿ ತೊಯ್ದ ನೆಲ, ದೂರದ ಬೆಟ್ಟ ಮತ್ತು ಕಡಲು. ಇಡೀ ಚಿತ್ರವೇ ಮುಂಜಾವದ ತೇವದಲ್ಲಿ ಉಸಿರಾಡುತ್ತಿದೆ ಎಂದು ಅವನಿಗೆ ಅನಿಸಿತ್ತು. ಎಂದರೆ ಗುಟ್ಟು ತಿಳಿಯದೆಯೇ ಗುಟ್ಟಿನ ಒಳಗೆ ಅವನು ನಿಂತಿದ್ದ. ಗೊಂಬ್ರಿಕ್ ಪುಸ್ತಕದಲ್ಲಿ ಕಂಡುಕೊಂಡ ತೇವವನ್ನು ಹ್ಯಾಜ್ಲಿಟ್ ಚರ್ಮದ ಮೇಲೆ ಅನುಭವಿಸಿದ್ದ. ಚಿತ್ರ ಗೆದ್ದಿದೆ ಎನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದನ್ನು ಬರೆದಾಗ ಪೂಸಾನನಿಗೆ ಅರವತ್ತನಾಲ್ಕು. ಕೈ ನಡುಗುವ ಸಂಕಟ ಅವನ ಪತ್ರಗಳಲ್ಲಿ ವರ್ಷಗಳಿಂದ ಮತ್ತೆ ಮತ್ತೆ ಬರುತ್ತಿತ್ತು. ಕೊನೆಯ ದಶಕದ ಚಿತ್ರಗಳಲ್ಲಿ ಎಲೆಗಳ ಅಂಚು, ಬಟ್ಟೆಯ ಮಡಿಕೆ ಹಿಂದಿನಷ್ಟು ಚೂಪಾಗಿಲ್ಲ. ಬಣ್ಣ ಚಿಕ್ಕ ಚಿಕ್ಕ ಅದುರುವ ಮುಟ್ಟುಗಳಲ್ಲಿ ಕುಳಿತಿದೆ. ಕೈ ನಡುಗುವ ಮುದುಕನೊಬ್ಬ ತಡಕಾಡುವ ಕೈಯನ್ನು ಬರೆದ ಎಂದು ಹೇಳಿ ಕಣ್ಣೀರು ತರಿಸುವುದು ಸುಲಭ. ಅದನ್ನು ಮಾಡಲು ನನಗೆ ಮನಸ್ಸಿಲ್ಲ, ಏಕೆಂದರೆ ಆ ನಡುಗುವ ಮುಟ್ಟುಗಳೇ ಮಂಜನ್ನೂ ಎಲೆಗಳ ತೇವವನ್ನೂ ಕಟ್ಟಿವೆ. ಗಟ್ಟಿ ಗೆರೆ ಎಳೆಯಬಲ್ಲ ಕೈಗೆ ಈ ಗಾಳಿ ಸಿಗುತ್ತಿತ್ತೋ ಇಲ್ಲವೋ. ಮುದುಕನಾದ ಮೇಲೂ ಅವನು ರೋಮ್‌ನ ಹೊರವಲಯದಲ್ಲಿ, ಟೈಬರ್ ನದಿಯ ದಂಡೆಯಲ್ಲಿ ಅಲೆದು ಕಲ್ಲು, ಪಾಚಿ, ಹೂಗಳನ್ನು ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದನೆಂದು ಅವನನ್ನು ಕಂಡವರೊಬ್ಬರು ಬರೆದಿದ್ದಾರೆ. ಪುಸ್ತಕದ ಮೋಡವೂ ದಂಡೆಯ ಪಾಚಿಯೂ ಒಂದೇ ಮೇಜಿನ ಮೇಲೆ ಸೇರಿದ್ದವು.

ನನ್ನನ್ನು ಇಂದಿಗೂ ಬಿಡದೆ ಕಾಡುವುದು ಸೂರ್ಯ. ಓರಿಯನ್ ಸೂರ್ಯನ ಕಡೆ ಹೋಗುತ್ತಿರುವುದು ಕಣ್ಣು ಪಡೆಯಲು. ಆದರೆ ಕೊಂತಿಯ ಲೆಕ್ಕದಲ್ಲಿ ಆ ಸೂರ್ಯನ ಬಿಸಿಲೇ ಹಬೆಯನ್ನು ಇನ್ನಷ್ಟು ಮೇಲಕ್ಕೆ, ಚಂದ್ರನ ಎಲ್ಲೆಗೆ ಎತ್ತಿಕೊಂಡು ಹೋಗುವುದು. ಗುಣವಾಗುವ ದಾರಿಯೂ ಸಾಯುವ ದಾರಿಯೂ ಒಂದೇ ಎಂದಾಯಿತು. ಹೆಗಲ ಮೇಲಿನ ಸೆಡಾಲಿಯನ್ನನಿಗಾಗಲಿ, ದಾರಿ ತೋರಿಸುವ ವಲ್ಕನ್ನನಿಗಾಗಲಿ ಇದು ತಿಳಿಯದು. ಡಯಾನಾಳಿಗೆ ತಿಳಿದಿದೆ. ಅವಳಿಗೆ ಆತುರವಿಲ್ಲ, ಬಾಣ ಹೂಡಿಲ್ಲ, ಮುಖದಲ್ಲಿ ಸಿಟ್ಟಿಲ್ಲ. ಹಬೆ ತಾನಾಗಿಯೇ ತನ್ನ ಕಡೆ ಏರಿ ಬರುತ್ತಿರುವಾಗ ಅವಳು ಬಿಲ್ಲು ಎತ್ತಬೇಕಾದ ಅಗತ್ಯವಾದರೂ ಏನು? ಮೊಳಕೈ ಊರಿಕೊಂಡ ಆ ಭಂಗಿಯ ಅರ್ಥ ನನಗೆ ಆಗುವುದು ಹೀಗೆ. ಫೆಲಿಬಿಯನ್ ಅವಳನ್ನು ಕಥೆಯ ಆರಂಭಕ್ಕೆ ಕಟ್ಟಿದ. ಅವಳು ಕಾಯುತ್ತಿರುವುದು ಕಥೆಯ ಕೊನೆಯನ್ನು.

ನಮ್ಮ ಮಳೆ ಲೆಕ್ಕದಲ್ಲಿ ಅದೇ ನಕ್ಷತ್ರಗಳು

ಕೊನೆಗೊಂದು ಮಾತು ಉಳಿದಿದೆ. ಇದನ್ನು ಎಳೆದು ತರುತ್ತಿಲ್ಲ, ಆಕಾಶದಲ್ಲಿ ಇದ್ದೇ ಇದೆ.

ಓರಿಯನ್ ಪುಂಜವನ್ನು ನಾವು ಮಹಾವ್ಯಾಧ ಎನ್ನುತ್ತೇವೆ. ಅದರ ತಲೆಯ ಕಡೆಯ ಮಂಕು ನಕ್ಷತ್ರಗಳೇ ಮೃಗಶಿರಾ. ಅದರ ಹೆಗಲಲ್ಲಿ ಕೆಂಪಗೆ ಹೊಳೆಯುವ ದೊಡ್ಡ ನಕ್ಷತ್ರವೇ ಆರಿದ್ರಾ. ಕರ್ನಾಟಕದ ರೈತರ ಮಳೆ ಲೆಕ್ಕದಲ್ಲಿ ಮುಂಗಾರು ಕಾಲೂರುವುದು ಈ ಎರಡು ಹೆಸರುಗಳಲ್ಲಿ: ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರಾ ಮಳೆ, ಆಮೇಲೆ ಆರಿದ್ರಾ ಮಳೆ. ಆರ್ದ್ರಾ ಎಂದರೆ ತೇವ, ಒದ್ದೆ. ನಮ್ಮ ಹಳೆಯ ವೈದಿಕ ಕಥೆಯಲ್ಲೂ ಇದೇ ನಕ್ಷತ್ರಗಳ ನಡುವೆ ಅತಿಕ್ರಮಣವಿದೆ, ಬಾಣವಿದೆ. ಪ್ರಜಾಪತಿ ಜಿಂಕೆಯಾಗಿ ತನ್ನ ಮಗಳನ್ನೇ ಅಟ್ಟಿಸಿಕೊಂಡು ಹೋದ. ರುದ್ರ ಬಾಣ ಬಿಟ್ಟು ಕೆಡಹಿದ. ಸಾಲಾಗಿ ನಿಂತ ಮೂರು ನಕ್ಷತ್ರಗಳು ಆ ಬಾಣ.

ಗ್ರೀಕರ, ರೋಮನ್ನರ ಕವಿಗಳೂ ಓರಿಯನ್ನನನ್ನು ಬಿರುಗಾಳಿಯ, ಮಳೆಯ ನಕ್ಷತ್ರ ಎಂದೇ ಕರೆದರು. ಕಾರಣ ಮಾತ್ರ ಬೇರೆ. ಅವರ ಕಡಲಲ್ಲಿ ಗಾಳಿ ಏಳುವುದು ನವೆಂಬರ್ ಸುಮಾರಿಗೆ, ಆ ಪುಂಜ ಬೆಳಗಿನ ಜಾವ ಪಶ್ಚಿಮಕ್ಕೆ ಇಳಿಯುವಾಗ. ನಮ್ಮ ಮಳೆಯ ಲೆಕ್ಕ ಸೂರ್ಯ ಆ ನಕ್ಷತ್ರಗಳ ಜಾಗದಲ್ಲಿರುವ ದಿನಗಳದ್ದು. ಎರಡನ್ನೂ ಕಲಸಿ ಒಂದೇ ಎನ್ನುವುದು ತಪ್ಪಾಗುತ್ತದೆ. ಪೂಸಾನನಿಗಂತೂ ನಮ್ಮ ಮೃಗಶಿರಾ ಮಳೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆದರೆ ಅವನ ಚಿತ್ರವನ್ನು ನೋಡುವಾಗ ಮಲೆನಾಡಿನ ಜೂನ್ ಬೆಳಗನ್ನು ಕಂಡ ಕಣ್ಣಿಗೆ ಒಂದು ಸಲಿಗೆ ಸಿಗುತ್ತದೆ. ಅಡಿಕೆ ತೋಟದ ಬುಡದಿಂದ ಎದ್ದ ಹಬೆ ಗುಡ್ಡದ ನೆತ್ತಿಗೆ ಏರಿ ಮೋಡಕ್ಕೆ ಸೇರುವುದನ್ನು ನೋಡುತ್ತ ಬೆಳೆದವರಿಗೆ ಕೊಂತಿಯ ವಿವರಣೆ ವಿಚಿತ್ರವೆನಿಸುವುದಿಲ್ಲ.

ಸೂರ್ಯನ ಬೆಳಕಿನಲ್ಲಿ ಮುಳುಗಿ ಮೇ ಕೊನೆಯಿಂದ ಕಾಣದಾಗುವ ಮಹಾವ್ಯಾಧ ಮತ್ತೆ ಕಾಣುವುದು ಜುಲೈನಲ್ಲಿ, ಬೆಳಗಿನ ಜಾವ, ಪೂರ್ವದಲ್ಲಿ, ಸೂರ್ಯನಿಗಿಂತ ಸ್ವಲ್ಪ ಮುಂಚೆ. ಪಕ್ಕಕ್ಕೆ ಒರಗಿದಂತೆ ಮೇಲೇಳುತ್ತಾನೆ, ಬಾಣದ ಮೂರು ನಕ್ಷತ್ರಗಳು ನೆಟ್ಟಗೆ ಒಂದರ ಮೇಲೊಂದು. ಆದರೆ ನಮ್ಮಲ್ಲಿ ಆ ಹೊತ್ತಿಗೆ ಅಲ್ಲಿ ಸಾಮಾನ್ಯವಾಗಿ ಇರುವುದು ಮೋಡ.